18 ತಿಂಗಳ ತುಟ್ಟಿಭತ್ಯೆ: ಸರ್ಕಾರಕ್ಕೆ ಕಷ್ಟ ಬಂದಾಗ ಯಾರು ಹೊಟ್ಟೆ ಕಟ್ಟಬೇಕು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವ ವಾದವನ್ನು ಇಲ್ಲಿಗೆ ತಂದಿದ್ದೇನೆ.

ಅಪ್ಪ ಕೇಂದ್ರ ಸರ್ಕಾರಿ ನೌಕರರು. 2021ರ ಕೊನೆಗೆ ನಿವೃತ್ತರಾದರು. ಮೊನ್ನೆ ಬೀರು ಖಾಲಿ ಮಾಡುವಾಗ ಆ ವರ್ಷದ ಡೈರಿ ಸಿಕ್ಕಿತು. ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ ಇತ್ತು.

49,000ಕ್ಕೆ ಶೇ 4, 6 ತಿಂಗಳು: 11,760
50,500ಕ್ಕೆ ಶೇ 7, 6 ತಿಂಗಳು: 21,210
50,500ಕ್ಕೆ ಶೇ 11, 6 ತಿಂಗಳು: 33,330
ಒಟ್ಟು: 66,300

ಕೊರೊನಾ ಕಾಲದಲ್ಲಿ ತಡೆಹಿಡಿದ ತುಟ್ಟಿಭತ್ಯೆ ಇದು, ಅಂದರೆ ಬೆಲೆ ಏರಿಕೆ ಸರಿದೂಗಿಸಲು ಮೂಲ ವೇತನದ ಮೇಲೆ ಇಷ್ಟು ಶೇಕಡಾ ಅಂತ ಕೊಡುವ ಭತ್ಯೆ. ಜನವರಿ 2020ರಿಂದ ಜೂನ್ 2021ರವರೆಗೆ. ಒಟ್ಟು ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅದರ ಬಗ್ಗೆ ಒಂದು ದಿನವೂ ನಮ್ಮ ಹತ್ತಿರ ಮಾತಾಡಿರಲಿಲ್ಲ.

ನನಗೆ ಸಂಕಟ ಆಯಿತು. ಅಣ್ಣನದು ಬೇರೆ ಮಾತು. "ದೇಶಕ್ಕೇ ಕಷ್ಟ ಬಂದಾಗ ಇಷ್ಟು ಬಿಡಬಾರದಾ? ಮನೆಯಲ್ಲಿ ಸಾಲ ಜಾಸ್ತಿಯಾದರೆ ನಾವು ಖರ್ಚು ಕಡಿಮೆ ಮಾಡಲ್ವಾ? ಸರ್ಕಾರವೂ ಹಾಗೇ" ಅಂತಾನೆ. ಅಪ್ಪ ಎರಡೂ ಕಡೆ ಮಾತಾಡಲ್ಲ.

ನಿಮಗೆ ಏನನ್ನಿಸುತ್ತದೆ? ಆ ಹಣ ವಾಪಸ್ ಕೊಡಬೇಕಿತ್ತಾ? ಮನೆ ಸಾಲಕ್ಕೂ ಸರ್ಕಾರದ ಸಾಲಕ್ಕೂ ಹೋಲಿಕೆ ಸರಿಯಾ?

ರಾಗಿಮುದ್ದೆ

ನಿಮ್ಮ ಅಣ್ಣ ಹೇಳಿದ್ದು ಸರಿ. ಸಾಲ ಅಂದರೆ ಸಾಲ. ಇವತ್ತು ಮಾಡಿದ್ದನ್ನು ನಾಳೆ ನಮ್ಮ ಮಕ್ಕಳು ತೀರಿಸಬೇಕು.

ಲೆಕ್ಕದ ಪುಸ್ತಕ

ಮೊದಲು ಒಂದು ತಿದ್ದುಪಡಿ. ತುಟ್ಟಿಭತ್ಯೆ ಕಡಿತ ಆಗಲಿಲ್ಲ, ಹೆಚ್ಚಳ ನಿಂತಿತು. ಶೇ 17 ಸಿಗುತ್ತಲೇ ಇತ್ತು. ಮಾರ್ಚ್ 2020ರಲ್ಲಿ ಸಂಪುಟ ಶೇ 4ರ ಹೆಚ್ಚಳಕ್ಕೆ ಒಪ್ಪಿಗೆ ಕೊಟ್ಟಿತ್ತು. ಏಪ್ರಿಲ್ 23ರ ಆದೇಶ ಅದನ್ನೂ, ಮುಂದಿನ ಎರಡು ಕಂತನ್ನೂ ತಡೆಯಿತು. ಜುಲೈ 2021ರಿಂದ ಒಂದೇ ಸಲ ಶೇ 28 ಆಯಿತು. ಆದರೆ ನಡುವಿನ 18 ತಿಂಗಳ ಬಾಕಿ ಬರಲಿಲ್ಲ. ಹೀಗೆ ಉಳಿದದ್ದು 34,402 ಕೋಟಿ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಬಾಕಿ ಕೊಡಲು ಆಗುವುದಿಲ್ಲ ಅಂತಲೂ ಹೇಳಿದೆ.

ನಿಮ್ಮ ತಂದೆಯವರ ಲೆಕ್ಕ ಪೈಸೆ ಪೈಸೆಗೆ ಸರಿಯಾಗಿದೆ. ಜುಲೈ ಇಂಕ್ರಿಮೆಂಟ್ ಕೂಡ ಬಿಟ್ಟಿಲ್ಲ.

ಕಡಲತಡಿ

ನಮ್ಮ ಚಿಕ್ಕಮ್ಮ ಅದೇ ಅವಧಿಯಲ್ಲಿ ರಿಟೈರ್ ಆದರು. ನಿವೃತ್ತಿಯಾಗುವಾಗ ಒಟ್ಟಿಗೆ ಕೊಡುವ ಗ್ರಾಚ್ಯುಟಿಗೂ ಪೆಟ್ಟು ಬಿತ್ತು ಮಾರಾಯ್ರೆ.

ಲೆಕ್ಕದ ಪುಸ್ತಕ

ಕಡಲತಡಿಯವರೇ, ಅದು ಆಮೇಲೆ ಸರಿಯಾಯಿತು. ಸೆಪ್ಟೆಂಬರ್ 2021ರಲ್ಲಿ ಆದೇಶ ಬಂತು. ಆ 18 ತಿಂಗಳಲ್ಲಿ ನಿವೃತ್ತರಾದವರ ಗ್ರಾಚ್ಯುಟಿ, ರಜೆ ನಗದೀಕರಣಕ್ಕೆ ಶೇ 21, 24, 28 ಅಂತ ಲೆಕ್ಕ ಹಿಡಿಯಲು ಒಪ್ಪಿದರು. ನಿಮ್ಮ ಚಿಕ್ಕಮ್ಮ ಹೋದದ್ದು ಯಾವ ತಿಂಗಳು ನೋಡಿ. ಹಣ ಬಂದಿಲ್ಲದಿದ್ದರೆ ಒಂದು ಅರ್ಜಿ ಹಾಕಿಸಿ.

ಕಡಲತಡಿ

ಹೌದಾ! ಇವತ್ತೇ ಫೋನ್ ಮಾಡುತ್ತೇನೆ. ಧನ್ಯವಾದ.

ಕಪ್ಪುಹಲಗೆ

ತುಂಗಾತೀರ ಅವರೇ, ನಿಮ್ಮ ತಂದೆಯ ಮೇಲೆ ನನಗೆ ಗೌರವ ಇದೆ. ಆದರೂ ಓದುವಾಗ ಹೊಟ್ಟೆಯಲ್ಲಿ ಏನೋ ಆಯಿತು, ಹೇಳಿಬಿಡುತ್ತೇನೆ.

ನಾನು ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಅನುದಾನ ಇಲ್ಲದ ಶಾಲೆ. 2020ರ ಏಪ್ರಿಲ್‌ನಲ್ಲಿ ಅರ್ಧ ಸಂಬಳ ಬಂತು. ಜೂನ್‌ನಿಂದ ಅದೂ ಇಲ್ಲ. ಫೀಸ್ ಬಂದಿಲ್ಲ, ಎಲ್ಲಿಂದ ಕೊಡೋದು ಅಂದರು. ಅದು ಸುಳ್ಳಲ್ಲ. ಫೀಸ್ ಕಟ್ಟಬೇಕಾದ ತಂದೆ ತಾಯಿಗೂ ಕೆಲಸ ಇರಲಿಲ್ಲ. ನಾನು ಆರು ತಿಂಗಳು ತರಕಾರಿ ಮಾರಿದೆ. ಬೆಳಿಗ್ಗೆ ನಾಲ್ಕಕ್ಕೆ ಎಪಿಎಂಸಿ, ಏಳಕ್ಕೆ ತಳ್ಳುಗಾಡಿ. ಮಧ್ಯಾಹ್ನ ಅದೇ ಗಾಡಿ ಪಕ್ಕ ಕೂತು ಹತ್ತನೇ ತರಗತಿಯ ಇಬ್ಬರಿಗೆ ತ್ರಿಕೋನಮಿತಿ ಹೇಳಿದ್ದೂ ಇದೆ. ಹಾಳೆ ಇಲ್ಲದೆ ಟೊಮೆಟೊ ಬಾಕ್ಸಿನ ರಟ್ಟಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ.

ಹೆಂಡತಿಯ ಸರ ಅಡ ಇಟ್ಟಿದ್ದು ಬಿಡಿಸಿಕೊಳ್ಳಲು ಎರಡೂವರೆ ವರ್ಷ ಹಿಡಿಯಿತು. 2021ರಲ್ಲಿ ರಾಜ್ಯ ಸರ್ಕಾರ ನಮ್ಮಂಥವರಿಗೆ 5,000 ರೂಪಾಯಿ ಕೊಟ್ಟಿತು. ಒಂದೇ ಸಲ.

ನಮ್ಮ ಯಾವ ಡೈರಿಯಲ್ಲೂ "ಬಾಕಿ" ಅಂತ ಒಂದು ಸಾಲು ಇಲ್ಲ. ಯಾರಿಂದ ಬಾಕಿ ಅಂತ ಬರೆಯೋದು?

ರಾಗಿಮುದ್ದೆ

ಮೇಷ್ಟ್ರೇ, ಓದಿ ಮಾತೇ ಬರಲಿಲ್ಲ.

ತುಂಗಾತೀರ

ಕಪ್ಪುಹಲಗೆ ಸರ್, ನೀವು ಬರೆದದ್ದು ಒಳ್ಳೆಯದಾಯಿತು. ಇದನ್ನು ಅಪ್ಪನಿಗೆ ಓದಿ ಹೇಳುತ್ತೇನೆ.

ಬೆಣ್ಣೆದೋಸೆ ದಾವಣಗೆರೆ

ಮನೆ ಲೆಕ್ಕ, ಸರ್ಕಾರದ ಲೆಕ್ಕ ಒಂದೇ ಅಂತೀರಲ್ಲ, ನನ್ನ ಅಂಗಡಿ ಕಥೆ ಕೇಳಿ.

ನಮ್ಮದು ಶಾಲಾ ಯೂನಿಫಾರ್ಮ್ ಹೊಲಿಗೆ. ಪ್ರತಿ ವರ್ಷ ಜನವರಿಯಲ್ಲೇ ಬಟ್ಟೆ ತರಿಸಿಡುತ್ತೇವೆ. ಜೂನ್ ಒಂದೇ ತಿಂಗಳು ವರ್ಷದ ಅರ್ಧ ವ್ಯಾಪಾರ. 2020ರಲ್ಲಿ ಖಾಕಿ, ನೀಲಿ ಚೌಕುಳಿಯ ಥಾನುಗಳು ಕಪಾಟಿನಲ್ಲೇ ಉಳಿದವು. ಮರುವರ್ಷವೂ ಅದೇ. ಮಡಿಕೆ ಬಿದ್ದ ಕಡೆ ಬಣ್ಣ ಹೋಗಿ ಬಿಳಿ ಗೆರೆ ಮೂಡಿತು. ಅದನ್ನು ಯಾರೂ ತಗೊಳ್ಳಲ್ಲ. ಮೂರು ಜನ ಟೈಲರ್‌ಗಳು ಇದ್ದರು. ಇಬ್ಬರನ್ನು ಬೇಡ ಅಂತ ಕಳಿಸಿದೆ. ಇಪ್ಪತ್ತು ವರ್ಷ ಜೊತೆಗಿದ್ದವರು.

ಬ್ಯಾಂಕಿನವರು ಫೋನ್ ಮಾಡಿ "ಸರ್ಕಾರದ ಗ್ಯಾರಂಟಿ ಇದೆ, ಸಾಲ ತಗೊಳ್ಳಿ" ಅಂದರು. ಕೊರೊನಾಕ್ಕೆ ಅಂತ ಕೇಂದ್ರ ಘೋಷಿಸಿದ ಆ 20 ಲಕ್ಷ ಕೋಟಿ ಪ್ಯಾಕೇಜಿನಲ್ಲಿ ಸಣ್ಣ ಉದ್ಯಮಕ್ಕೆ ಇಟ್ಟ 3 ಲಕ್ಷ ಕೋಟಿಯ ಯೋಜನೆ. ಸಾಲ ತಗೊಂಡು ಏನು ಮಾಡಲಿ? ಹೊಲಿದದ್ದನ್ನು ಕೊಳ್ಳುವವರು ಬೇಕಲ್ಲ! ಎಲ್ಲರೂ ಒಂದೇ ಸಲ ಖರ್ಚು ಬಿಗಿ ಹಿಡಿದರೆ ನನ್ನಂಥವನ ಗಲ್ಲಾ ಖಾಲಿ. ನನ್ನ ಗಲ್ಲಾ ಖಾಲಿಯಾದರೆ ನನ್ನ ಟೈಲರ್ ಮನೆಯ ಒಲೆ ಆರುತ್ತದೆ. ಅವನು ಕಿರಾಣಿ ಅಂಗಡಿಗೆ ಹೋಗಲ್ಲ. ಆ ಹೊತ್ತಿನಲ್ಲಿ ಸರ್ಕಾರವೂ "ನಾನೂ ಖರ್ಚು ಮಾಡಲ್ಲ" ಅಂದರೆ ಮಾಡುವವರು ಯಾರು?

ಲೆಕ್ಕದ ಪುಸ್ತಕ

ಇದೇ ವಿಷಯದ ಜೀವಾಳ. ನಿಮ್ಮ ಖರ್ಚು ನಿಮ್ಮ ಟೈಲರ್‌ನ ಆದಾಯ. 2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 23.9 ಕುಸಿಯಿತು ಅಂತ ಮೊದಲ ಅಂದಾಜು ಬಂದಿತ್ತು. ಅಂಥ ಹೊತ್ತಿನಲ್ಲಿ ಸರ್ಕಾರ ಸಾಲ ಮಾಡಿಯಾದರೂ ಖರ್ಚು ಮಾಡಬೇಕು. ಮಾಡಿತು ಕೂಡ. ಆ ವರ್ಷ ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿ ಸಾಲದಿಂದ ಮಾಡಿದ ಖರ್ಚು, ದೇಶದ ಉತ್ಪನ್ನದ ಶೇ 9.2ಕ್ಕೆ ಹೋಯಿತು.

ಆದರೆ ಆ ಶೇ 9.2 ಪೂರ್ತಿ ಹೊಸ ಖರ್ಚಲ್ಲ. ಒಂದು ಕಡೆ ತೆರಿಗೆ ಆದಾಯ ಬಿದ್ದಿತ್ತು. ಇನ್ನೊಂದು ಕಡೆ ಪಡಿತರಕ್ಕೆ ಧಾನ್ಯ ಕೊಳ್ಳುವ ಆಹಾರ ನಿಗಮದ ತಲೆ ಮೇಲೆ ಹೊರಿಸಿದ್ದ ಹಳೆಯ ಸಾಲವನ್ನು ಅದೇ ವರ್ಷ ಬಜೆಟ್ಟಿನೊಳಗೆ ತಂದು ತೀರಿಸಿದರು. ಜನರ ಕೈಗೆ ನೇರವಾಗಿ ಹೋದದ್ದು ಕೊರತೆ ಕಂಡಷ್ಟು ದೊಡ್ಡದಲ್ಲ. ಜನಧನ್ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿ, ಮೂರು ತಿಂಗಳು. ಪಡಿತರದಲ್ಲಿ ತಲೆಗೆ 5 ಕೆಜಿ ಉಚಿತ ಧಾನ್ಯ. ಇವು ನಿಜವಾಗಿ ತಲುಪಿದವು.

ಕೃಷ್ಣೆಯ ಮಗ

ಉದ್ಯೋಗ ಖಾತ್ರಿ ಬಿಟ್ಟಿರಲ್ಲ ಸರ್. ನಮ್ಮ ರಾಯಚೂರು ಕಡೆ ಆ ಬೇಸಿಗೆ ಅದೇ ಅನ್ನ ಹಾಕಿತು.

ಬೆಂಗಳೂರಿಂದ ವಾಪಸ್ ಬಂದವರೆಲ್ಲ ಕೂಲಿಗೆ ನಿಂತರು. ನಮ್ಮ ಕೂಲಿ ಹಾಜರಿ ಪಟ್ಟಿಯಲ್ಲಿ ಬಿಎ ಮುಗಿಸಿದ ಮೂವರು, ಐಟಿಐ ಮಾಡಿದ ಒಬ್ಬ ಇದ್ದರು. ಹೊಲದ ಬದು, ಕೃಷಿ ಹೊಂಡ, ಕೆರೆ ಹೂಳು. ದಿನಕ್ಕೆ 275 ರೂಪಾಯಿ. ಬೆಳಿಗ್ಗೆ ಆರಕ್ಕೆ ಹೋದರೆ ಬಿಸಿಲೇರುವಷ್ಟರಲ್ಲಿ ಅಳತೆ ಮುಗಿಸುತ್ತಿದ್ದೆವು. ಅಂಗೈ ಗುಳ್ಳೆ ಒಡೆದು ಸಲಾಕೆ ಹಿಡಿಯಲು ಆಗದವರಿಗೆ ನಮ್ಮ ಕೂಲಿ ಗುಂಪಿನ ಮುಂದಾಳು ಕಾಯಕ ಬಂಧು ಬುಟ್ಟಿ ಹೊರುವ ಕೆಲಸ ಕೊಟ್ಟರು. ಅವರೂ ನಮ್ಮೂರ ಹೆಣ್ಣುಮಗಳೇ.

ಬಜೆಟ್‌ನಲ್ಲಿ 61,500 ಕೋಟಿ ಇಟ್ಟಿದ್ದರು. ಆಮೇಲೆ ಮೇ ತಿಂಗಳಲ್ಲಿ 40,000 ಕೋಟಿ ಸೇರಿಸಿದರು. ಸಾಲ ಮಾಡಿ ಕೊಟ್ಟರೋ, ಉಳಿಸಿ ಕೊಟ್ಟರೋ ನಮಗೆ ಗೊತ್ತಿಲ್ಲ. ಆ ಹೊಂಡದಲ್ಲಿ ಈಗಲೂ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಎರಡು ಎಕರೆ ತೊಗರಿಗೆ ಒಂದು ನೀರು ಕೊಡಬಹುದು. ಇಂಥ ಸಾಲ ಮಕ್ಕಳ ತಲೆ ಮೇಲೆ ಭಾರ ಅಂತ ನಾನು ಒಪ್ಪಲ್ಲ.

ರಾಗಿಮುದ್ದೆ

ಒಳ್ಳೆ ಕೆಲಸಕ್ಕೆ ಸಾಲ ಮಾಡಿದರೆ ನನ್ನದೂ ತಕರಾರಿಲ್ಲ. ಆದರೆ ಸಾಲ ಯಾವಾಗ ತೀರಿಸುತ್ತಾರೆ? ಈಗ ಬಡ್ಡಿಗೇ ಎಷ್ಟು ಹೋಗುತ್ತಿದೆ ನೋಡಿದ್ದೀರಾ? 2025–26ರ ಕೇಂದ್ರ ಬಜೆಟ್‌ನಲ್ಲಿ ಬಡ್ಡಿಗೆ ಇಟ್ಟದ್ದು 12.76 ಲಕ್ಷ ಕೋಟಿ. 2020–21ರಲ್ಲಿ 6.8 ಲಕ್ಷ ಕೋಟಿ ಇತ್ತು. ಐದು ವರ್ಷದಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು. ಶ್ರೀಲಂಕಾಗೆ ಏನಾಯಿತು ಮರೆತಿರಾ?

ಲೆಕ್ಕದ ಪುಸ್ತಕ

ಬಡ್ಡಿಯ ಮಾತು ನಿಜ, ಅದನ್ನು ಹಗುರವಾಗಿ ತಗೊಳ್ಳಬಾರದು. ಆ ದುಡ್ಡಿನಲ್ಲಿ ಎಷ್ಟೋ ಆಸ್ಪತ್ರೆ ಕಟ್ಟಬಹುದಿತ್ತು.

ಆದರೆ ಶ್ರೀಲಂಕಾ ಬೇರೆ. ಅವರು 2022ರ ಏಪ್ರಿಲ್‌ನಲ್ಲಿ ಕೈ ಎತ್ತಿದ್ದು ವಿದೇಶಿ ಸಾಲದಲ್ಲಿ. ಡಾಲರ್ ಇರಲಿಲ್ಲ. ಅದಕ್ಕೂ ಮುಂಚೆ, 2019ರ ಕೊನೆಗೆ, ಮಾರಾಟದ ಮೇಲಿನ ವ್ಯಾಟ್ ತೆರಿಗೆಯನ್ನು ಶೇ 15ರಿಂದ 8ಕ್ಕೆ ಇಳಿಸಿ ಆದಾಯವನ್ನೂ ಕಳಕೊಂಡಿದ್ದರು. ನಮಗೂ ಅಂಥ ದಿನ 1991ರಲ್ಲಿ ಬಂದಿತ್ತು. ಡಾಲರ್‌ಗಾಗಿ ಜುಲೈನಲ್ಲಿ 47 ಟನ್ ಚಿನ್ನ ಅಡ ಇಡಬೇಕಾಯಿತು. 2020ರಲ್ಲಿ ಹಾಗಿರಲಿಲ್ಲ. ಆ ಜೂನ್‌ನಲ್ಲಿ ವಿದೇಶಿ ವಿನಿಮಯ ಸಂಗ್ರಹ 500 ಶತಕೋಟಿ ಡಾಲರ್ ದಾಟಿತ್ತು. ಕೇಂದ್ರದ ಸಾಲ ಬಹುಪಾಲು ರೂಪಾಯಿಯಲ್ಲಿ, ದೇಶದೊಳಗಿನವರಿಂದಲೇ. ಬ್ಯಾಂಕು, ವಿಮೆ, ಭವಿಷ್ಯನಿಧಿ. ನಿಮ್ಮ ಪಿಎಫ್, ನಿಮ್ಮ ವಿಮೆ ಪಾಲಿಸಿಯ ಹಣವೂ ಅದರಲ್ಲಿದೆ ರಾಗಿಮುದ್ದೆಯವರೇ. ಮನೆ ಸಾಲಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೇ.

ಹಳೇ ಮೇಷ್ಟ್ರು

ನೀವೆಲ್ಲ ಚಿಕ್ಕವರು. 1974ರದ್ದು ಹೇಳುತ್ತೇನೆ.

ಆಗಷ್ಟೇ ನಾನು ಸರ್ಕಾರಿ ಹೈಸ್ಕೂಲಿಗೆ ಸೇರಿದ್ದೆ. ಬೆಲೆ ಏರಿಕೆ ಶೇ 20 ದಾಟಿತ್ತು. ಸಕ್ಕರೆ, ಸೀಮೆಎಣ್ಣೆಗೆ ಸರದಿ. ಜುಲೈನಲ್ಲಿ ಇಂದಿರಾ ಗಾಂಧಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಂಬಳ ಏರಿದರೆ ಏರಿದ್ದಷ್ಟೂ ಕಡ್ಡಾಯ ಠೇವಣಿ. ತುಟ್ಟಿಭತ್ಯೆ ಏರಿದರೆ ಅದರಲ್ಲಿ ಅರ್ಧ ಠೇವಣಿ. ಸ್ಟಾಫ್ ರೂಮಿನಲ್ಲಿ ದಿನಾ ಅದೇ ಮಾತು. ನನ್ನ ಹಿರಿಯ ಸಹೋದ್ಯೋಗಿಗಳು ಕೆಂಡವಾಗಿದ್ದರು.

ಆದರೆ ಕೇಳಿ, ಅದು ಠೇವಣಿ. ಐದು ವಾರ್ಷಿಕ ಕಂತಿನಲ್ಲಿ ಬಡ್ಡಿ ಸಮೇತ ವಾಪಸ್ ಕೊಡಬೇಕು ಅಂತ ಕಾನೂನಿನಲ್ಲೇ ಬರೆದಿತ್ತು. ನನಗೆ ಬಂತು. ಒಂದು ಕಂತಿಗೆ ಒಂದಿಷ್ಟು ಸೇರಿಸಿ ಸೈಕಲ್ ಕೊಂಡೆ. ಆ ಸೈಕಲ್ಲಿನಲ್ಲೇ ಹದಿನಾಲ್ಕು ವರ್ಷ ಶಾಲೆಗೆ ಹೋದೆ.

ಇನ್ನೂ ಹಿಂದೆ, 1965ರಲ್ಲಿ, ಶಾಸ್ತ್ರೀಜಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂದಿದ್ದರು. ನಮ್ಮ ತಾಯಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ಯಾರೂ ಬಂದು ನೋಡುತ್ತಿರಲಿಲ್ಲ. ಕೇಳುವ ರೀತಿಯಲ್ಲಿ ಕೇಳಿದರೆ ಈ ದೇಶದ ಜನ ಕೊಡುತ್ತಾರಪ್ಪ.

ತುಂಗಾತೀರ

ಮೇಷ್ಟ್ರೇ, 1974ರದ್ದು ನನಗೆ ಗೊತ್ತೇ ಇರಲಿಲ್ಲ. ತಗೊಂಡದ್ದನ್ನು ಸಾಲ ಅಂತ ಬರೆದುಕೊಂಡಿದ್ದರು ಅನ್ನಿ. ನನ್ನ ಪ್ರಶ್ನೆಯೂ ಅದೇ. 2020ರಲ್ಲಿ ಹಾಗೇಕೆ ಮಾಡಲಿಲ್ಲ?

ಲೆಕ್ಕದ ಪುಸ್ತಕ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. 1974ರ ಕಾಯಿಲೆ ಬೇರೆ, 2020ರದ್ದು ಬೇರೆ. ಆಗ ಬೆಲೆ ಏರುತ್ತಿತ್ತು. ಜನರ ಕೈಯಿಂದ ಸ್ವಲ್ಪ ದುಡ್ಡು ಆಚೆ ಇಟ್ಟರೆ ಬೆಲೆ ಇಳಿಯಬಹುದು ಅನ್ನೋ ಲೆಕ್ಕ. 2020ರಲ್ಲಿ ಕೊಳ್ಳುವವರೇ ಇರಲಿಲ್ಲ. ಆಗ ತುಟ್ಟಿಭತ್ಯೆ ತಡೆದರೆ ದಾವಣಗೆರೆಯವರ ಗಲ್ಲಾ ಇನ್ನಷ್ಟು ಖಾಲಿ. ಹಾಗಾಗಿ ನನ್ನ ಪ್ರಕಾರ ಅದು ತಪ್ಪು ಹೊತ್ತಿನಲ್ಲಿ ಕೊಟ್ಟ ಔಷಧಿ.

ಟೊರಾಂಟೊ ಗೆಳೆಯ

ನಾನು ಕೆನಡಾದಲ್ಲಿ ರೆಸ್ಟೋರೆಂಟ್ ಕೆಲಸ ಕಳಕೊಂಡಾಗ ಸರ್ಕಾರ ನಾಲ್ಕು ವಾರಕ್ಕೆ 2,000 ಡಾಲರ್ ಕೊಟ್ಟಿತು. ಅರ್ಜಿ ಹಾಕಿ ಮೂರನೇ ದಿನ ಖಾತೆಯಲ್ಲಿ ಹಣ. ಬಾಡಿಗೆ ಕಟ್ಟಿದೆ, ಅಮ್ಮನಿಗೂ ಕಳಿಸಿದೆ. ಆದರೆ ಅರ್ಹತೆ ಇಲ್ಲದೆ ತಗೊಂಡವರಿಗೆ ಆಮೇಲೆ ವಾಪಸ್ ಕಟ್ಟಿ ಅಂತ ಪತ್ರ ಬಂತು. ನನ್ನ ರೂಂಮೇಟ್ ಇನ್ನೂ ಕಂತು ಕಟ್ಟುತ್ತಿದ್ದಾನೆ.

ಮೈಸೂರು ಮಲ್ಲಿಗೆಮೊಗ್ಗು

ಕೆನಡಾ ಜೊತೆ ನಮ್ಮನ್ನು ಹೋಲಿಸಬೇಡಿ. ಅವರ ತೆರಿಗೆ ಎಷ್ಟು, ನಮ್ಮದೆಷ್ಟು.

ಬೆಣ್ಣೆದೋಸೆ ದಾವಣಗೆರೆ

ತೆರಿಗೆ ಅಂದಿರಲ್ಲ, ಕೇಳಿ. ಸೆಪ್ಟೆಂಬರ್ 2019ರಲ್ಲಿ ದೊಡ್ಡ ಕಂಪನಿಗಳ ತೆರಿಗೆ ಶೇ 30ರಿಂದ 22ಕ್ಕೆ ಇಳಿಸಿದರು. ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಡುತ್ತೇವೆ ಅಂತ ಹಣಕಾಸು ಸಚಿವರೇ ಹೇಳಿದ್ದು. ಏಳು ತಿಂಗಳ ನಂತರ ನೌಕರರ 34,000 ಕೋಟಿ ತಡೆದರು. ಮೇ 2020ರಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 10, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿದರು. ಕಚ್ಚಾತೈಲ ಅಗ್ಗವಾಗಿದ್ದಾಗ ಆ ಲಾಭ ನಮಗೆ ಬರಲೇ ಇಲ್ಲ. ತ್ಯಾಗ ಯಾರ ಜೇಬಿನಿಂದ ಹೋಯಿತು ನೀವೇ ಹೇಳಿ.

ಮೈಸೂರು ಮಲ್ಲಿಗೆಮೊಗ್ಗು

ಕಂಪನಿ ತೆರಿಗೆ ಇಳಿಸಿದ್ದು ಹೂಡಿಕೆ ಬರಲಿ, ಕೆಲಸ ಹುಟ್ಟಲಿ ಅಂತ. ಆಗ ಕೊರೊನಾ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಪೆಟ್ರೋಲ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಬೈಕಿನಲ್ಲಿ ಪಾರ್ಸೆಲ್ ಹಂಚುವ ಹುಡುಗನೂ ಅದೇ ತೆರಿಗೆ ಕಟ್ಟಿದ.

ಇನ್ನೊಂದು, ಸಂಸದರೂ ಶೇ 30 ಸಂಬಳ ಬಿಟ್ಟರು. ಸಂಸದರ ನಿಧಿಯೂ ಸುಮಾರು ಒಂದೂವರೆ ವರ್ಷ ನಿಂತಿತ್ತು. ಅದನ್ನೂ ಹೇಳಬೇಕಲ್ವಾ?

ಕೃಷ್ಣೆಯ ಮಗ

ಅಕ್ಕ, ಸಂಬಳ ಬಿಟ್ಟದ್ದು ಅವರ ತ್ಯಾಗ, ಸರಿ. ಸಂಸದರ ನಿಧಿ ಅವರ ದುಡ್ಡಲ್ಲ. ವರ್ಷಕ್ಕೆ 5 ಕೋಟಿ, ಅದು ನಮ್ಮೂರ ಶಾಲೆ ಕೋಣೆ, ನಮ್ಮೂರ ನೀರಿನ ಟ್ಯಾಂಕು. ಅದು ನಿಂತಾಗ ಬಿಟ್ಟವರು ನಾವು.

ಕಪ್ಪುಹಲಗೆ

ನಮ್ಮ ರಾಜ್ಯದ ಶಾಸಕರೂ 2020ರಲ್ಲಿ ಒಂದು ವರ್ಷ ಶೇ 30 ಬಿಟ್ಟರು. ಚಪ್ಪಾಳೆ ತಟ್ಟಿದೆ ನಾನು, ನಿಜ ಹೇಳುತ್ತೇನೆ. ಆದರೆ ಫೆಬ್ರುವರಿ 2022ರಲ್ಲಿ ಮುಖ್ಯಮಂತ್ರಿ ಸಂಬಳ 50,000ದಿಂದ 75,000ಕ್ಕೆ ಏರಿತು. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಮಾರ್ಚ್ 2025ರಲ್ಲಿ ಅದು 1.5 ಲಕ್ಷ ಆಯಿತು. ಶಾಸಕರದ್ದು 40,000ದಿಂದ 80,000. ಎರಡು ಬೇರೆ ಪಕ್ಷದ ಸರ್ಕಾರ. ಇದರಲ್ಲಿ ಮಾತ್ರ ಎಲ್ಲರೂ ಒಂದು. ಮೊದಲು ಬಾಕಿ ಕೊಟ್ಟು ಆಮೇಲೆ ತಾವು ಏರಿಸಿಕೊಂಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಲೆಕ್ಕದ ಪುಸ್ತಕ

ಸಿಟ್ಟು ಅರ್ಥವಾಗುತ್ತದೆ ಸರ್. ಆದರೆ ಕೇಂದ್ರದ ಬಾಕಿಗೂ ರಾಜ್ಯದ ಶಾಸಕರಿಗೂ ಗಂಟು ಹಾಕಬೇಡಿ. ಖಜಾನೆ ಬೇರೆ ಬೇರೆ.

ಕಪ್ಪುಹಲಗೆ

ಖಜಾನೆ ಬೇರೆ ಇರಬಹುದು. ಕಟ್ಟುವ ಕೈ ನಮ್ಮದೇ ಅಲ್ವಾ?

ರಾಗಿಮುದ್ದೆ

ರಾಜ್ಯ ಅಂದಮೇಲೆ ಗ್ಯಾರಂಟಿ ಮಾತೂ ಬರಲಿ. 2025–26ಕ್ಕೆ ಗ್ಯಾರಂಟಿಗಳಿಗೆ 51,034 ಕೋಟಿ. ರಾಜ್ಯದ ಒಟ್ಟು ಸಾಲದ ಹೊಣೆ ರಾಜ್ಯದ ವಾರ್ಷಿಕ ಉತ್ಪನ್ನದ (ಜಿಎಸ್‌ಡಿಪಿ) ಶೇ 24.91. ಕಾನೂನಿನ ಮಿತಿ 25. ಇನ್ನೊಂದು ಕಷ್ಟ ಬಂದರೆ ಸಾಲ ಮಾಡಲು ಜಾಗ ಎಲ್ಲಿದೆ? ಒಳ್ಳೆ ಕಾಲದಲ್ಲಿ ಉಳಿಸಬೇಕು, ಕೆಟ್ಟ ಕಾಲದಲ್ಲಿ ಬಿಚ್ಚಬೇಕು. ನಾವು ಎರಡೂ ಕಾಲದಲ್ಲಿ ಬಿಚ್ಚುತ್ತಿದ್ದೇವೆ.

ಕಡಲತಡಿ

ಗೃಹಲಕ್ಷ್ಮಿಯ 2,000 ನಮ್ಮ ಮನೆಗೆಲಸದ ಅಕ್ಕನ ಕೈಗೆ ಬಂದ ವಾರವೇ ಅಂಗಡಿಗೆ ಹೋಗುತ್ತದೆ. ಮಗನ ಶೂ, ಗ್ಯಾಸ್, ಅಕ್ಕಿ. ಅದು ದಾವಣಗೆರೆಯವರಂಥವರ ಗಲ್ಲಾಕ್ಕೇ ಅಲ್ವಾ ಸೇರೋದು? ಸುಮ್ನೆ ಪೋಲು ಅನ್ನಬೇಡಿ.

ರಾಗಿಮುದ್ದೆ

ಪೋಲು ಅನ್ನಲಿಲ್ಲ ತಂಗಿ. ಮಿತಿ ಎಲ್ಲಿ ಅಂತ ಕೇಳಿದೆ. ಆದರೂ ನಿಮ್ಮ ಮಾತು ಯೋಚಿಸುವಂಥದ್ದು.

ನಿರ್ವಾಹಕರು

ಗ್ಯಾರಂಟಿಗೆ ಬೇರೆ ಚರ್ಚೆ ತೆರೆದಿದ್ದೇವೆ, ಅಲ್ಲಿ ಮುಂದುವರಿಸಿ. ಇಲ್ಲಿ ತುಂಗಾತೀರ ಅವರ ಪ್ರಶ್ನೆಗೆ ಮರಳೋಣ.

ಮೈಸೂರು ಮಲ್ಲಿಗೆಮೊಗ್ಗು

ದಕ್ಷಿಣ ಕೊರಿಯಾದಲ್ಲಿ 1998ರಲ್ಲಿ ದೇಶದ ಸಾಲ ತೀರಿಸಲು ಸುಮಾರು 35 ಲಕ್ಷ ಜನ ತಮ್ಮ ಚಿನ್ನ ತಂದುಕೊಟ್ಟರು. ಮದುವೆ ಉಂಗುರ ಕೂಡ. 227 ಟನ್ ಸೇರಿತು. ಅಂಥ ಮನಸ್ಸು ನಮಗೆ ಯಾಕಿಲ್ಲ ಅನ್ನಿಸುತ್ತದೆ.

ಹಳೇ ಮೇಷ್ಟ್ರು

ಇದೆ ತಾಯಿ. ಆದರೆ ಕೊರಿಯಾದಲ್ಲಿ ಕೊಟ್ಟ ಚಿನ್ನಕ್ಕೆ ಬಹುತೇಕರಿಗೆ ಅವರ ಹಣದಲ್ಲಿ ಬೆಲೆ ಕಟ್ಟಿ ಕೊಟ್ಟರು. ತೂಕ ಹಾಕಿ, ಚೀಟಿ ಬರೆದು. ಆ ಚೀಟಿ ಮುಖ್ಯ. ನಮ್ಮ 1974ರ ಠೇವಣಿಗೂ ಲೆಕ್ಕ ಇತ್ತು.

ಬೆಣ್ಣೆದೋಸೆ ದಾವಣಗೆರೆ

ಚೀಟಿ! ಸರಿಯಾದ ಮಾತು. ನೌಕರರಿಗೆ ಈಗಲೂ ಬಾಂಡ್ ರೂಪದಲ್ಲಿ, ಅಂದರೆ ಮುಂದೆ ತೀರಿಸುತ್ತೇವೆ ಅನ್ನೋ ಸಾಲಪತ್ರವಾಗಿ, ಕೊಡಬಹುದು. ಹತ್ತು ವರ್ಷದ ಬಾಂಡ್. ಖಜಾನೆಗೆ ಒಂದೇ ಸಲ ಹೊರೆ ಬೀಳಲ್ಲ.

ಲೆಕ್ಕದ ಪುಸ್ತಕ

ನಿವೃತ್ತರಿಗೆ ಹತ್ತು ವರ್ಷ ಜಾಸ್ತಿಯಾಯಿತು. ಐದು ಮಾಡಿ. ಉಳಿದಂತೆ ನನ್ನ ಸಹಮತ ಇದೆ. ಜಿಎಸ್‌ಟಿಯಿಂದಾದ ಆದಾಯ ನಷ್ಟಕ್ಕೆ ಕೇಂದ್ರ ಕೊಡಬೇಕಿದ್ದ ಪರಿಹಾರ ಕಮ್ಮಿ ಬಿದ್ದಾಗ ರಾಜ್ಯಗಳಿಗೆ ಹೀಗೇ ಮಾಡಿದರಲ್ಲ. 2020–21ರಲ್ಲಿ 1.10 ಲಕ್ಷ ಕೋಟಿ, ಮರುವರ್ಷ 1.59 ಲಕ್ಷ ಕೋಟಿ ಸಾಲ ಎತ್ತಿ ಕೊಟ್ಟರು. ಅದನ್ನು ತೀರಿಸಲು ಜಿಎಸ್‌ಟಿ ಪರಿಹಾರದ ಸೆಸ್ (ಹೆಚ್ಚುವರಿ ತೆರಿಗೆ) ಅವಧಿಯನ್ನು ಮಾರ್ಚ್ 2026ರವರೆಗೆ ಹಿಗ್ಗಿಸಿದರು. ಸರ್ಕಾರಕ್ಕೆ ಸರ್ಕಾರ ಕೊಡಬೇಕಾದಾಗ ದಾರಿ ಸಿಗುತ್ತದೆ.

ಕಪ್ಪುಹಲಗೆ

ಬಾಂಡ್ ಕೊಡಲಿ, ನನ್ನ ವಿರೋಧ ಇಲ್ಲ. ಆದರೆ ಸಂಬಳದ ಚೀಟಿಯೇ ಇಲ್ಲದವರನ್ನು ಎಲ್ಲಿ ಬರೆದುಕೊಳ್ಳುತ್ತೀರಿ? ಮುಂದಿನ ಸಲ ಹೀಗಾದರೆ ಖಾಸಗಿ ಶಾಲೆಯ ಮೇಷ್ಟ್ರು, ಟೈಲರ್, ಹೋಟೆಲ್ ಸಪ್ಲೈಯರ್ ಯಾವ ಪಟ್ಟಿಯಲ್ಲಿರುತ್ತಾರೆ? ಉದ್ಯೋಗ ಖಾತ್ರಿ ಹಳ್ಳಿಗೆ ಇತ್ತು. ಪಟ್ಟಣದಲ್ಲಿ ನಮಗೆ ಏನಿತ್ತು?

ಕೃಷ್ಣೆಯ ಮಗ

ನೂರಕ್ಕೆ ನೂರು. ಪಟ್ಟಣಕ್ಕೂ ಒಂದು ಖಾತ್ರಿ ಬೇಕು.

ಕಡಲತಡಿ

ಚಿಕ್ಕಮ್ಮನ ಹತ್ತಿರ ಮಾತಾಡಿದೆ. ಅವರು ಫೆಬ್ರುವರಿ 2021ರಲ್ಲಿ ನಿವೃತ್ತರು. ಪರಿಷ್ಕೃತ ಗ್ರಾಚ್ಯುಟಿ ಬಂದ ನೆನಪೇ ಇಲ್ಲವಂತೆ. ನಾಳೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುತ್ತಿದ್ದೇವೆ. ಲೆಕ್ಕದ ಪುಸ್ತಕ ಸರ್, ಆ ಆದೇಶದ ದಿನಾಂಕ ಬೇಕಿತ್ತು.

ಲೆಕ್ಕದ ಪುಸ್ತಕ

7 ಸೆಪ್ಟೆಂಬರ್ 2021, ಹಣಕಾಸು ಸಚಿವಾಲಯದ್ದು. ಪಿಂಚಣಿ ಪಾವತಿ ಆದೇಶದ ಪ್ರತಿಯನ್ನೂ ಒಯ್ಯಿರಿ. ಬ್ಯಾಂಕಿನಲ್ಲಿ ಆಗದಿದ್ದರೆ ಅವರು ಕೊನೆಗೆ ಕೆಲಸ ಮಾಡಿದ ಕಚೇರಿಗೇ ಬರೆಯಬೇಕು.

ತುಂಗಾತೀರ

ರಾತ್ರಿ ಊಟ ಆದಮೇಲೆ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಅಣ್ಣನೂ ಕೂತಿದ್ದ. 1974ರ ಸೈಕಲ್ ಬಂದಾಗ ಅಪ್ಪ ನಕ್ಕರು. ತರಕಾರಿ ಗಾಡಿ, ಟೊಮೆಟೊ ಬಾಕ್ಸಿನ ರಟ್ಟು ಬಂದಾಗ ಕನ್ನಡಕ ತೆಗೆದು ಒರೆಸಿದರು.

ಆಮೇಲೆ ಅಂದರು: "ನನಗೆ ಆ ಹಣ ಬರಬೇಕು, ಅದರಲ್ಲಿ ಅನುಮಾನ ಇಲ್ಲ. ಕೇಳಿದ್ದರೆ ನಾನೇ ಬಿಡುತ್ತಿದ್ದೆ, ಕೇಳಲಿಲ್ಲ. ಆದರೆ ಆ ಮೇಷ್ಟ್ರಿಗೆ ಈಗ ಕೆಲಸ ಇದೆಯಾ ಕೇಳು."

ಕಪ್ಪುಹಲಗೆ ಸರ್, ಅಪ್ಪ ಕಾಯುತ್ತಿದ್ದಾರೆ.

ಕಪ್ಪುಹಲಗೆ

ಇದೆ ಅಂತ ಹೇಳಿ ತಂಗಿ. ಬೇರೆ ಶಾಲೆ, ತಿಂಗಳಿಗೆ 14,000. ಗಾಡಿ ಪಕ್ಕ ಕೂತು ಓದಿದ ಆ ಇಬ್ಬರಲ್ಲಿ ಒಬ್ಬಳು ಈಗ ಬಿಎಸ್ಸಿ ಮುಗಿಸಿದ್ದಾಳೆ. ಹೋದ ವಾರ ಸಿಕ್ಕಿದಳು. ಬಿ.ಎಡ್ ಸೇರಲಾ ಸರ್ ಅಂತ ಕೇಳಿದಳು. ಏನು ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ. ನಿಮ್ಮ ತಂದೆಯವರನ್ನೇ ಒಂದು ಮಾತು ಕೇಳಿ.